‘ಸಾಕು’ ಅಂದರೂ ಬಿಡದ ಅಜ್ಜಿ ಒಸಾಕಾಕ್ಕೆ ಹೋದಳು

ಕೋಥರೂಡ ಬಿಡುವ ಮುನ್ನ

ಜಪಾನಿಗೆ ಹೋಗಿ ಬಂದು ಚೆರ್ರಿ ಹೂವಿನ ಬಗ್ಗೆ ಒಂದು ಮಾತೂ ಆಡದವಳು ಬಹುಶಃ ನಾನೊಬ್ಬಳೇ. ಹೂವು ಬಿಟ್ಟಿದ್ದವಂತೆ. ಒಂದು ಫೋಟೋದಲ್ಲಿ ನನ್ನ ತಲೆಯ ಹಿಂದೆ ತಿಳಿಗುಲಾಬಿ ಬಣ್ಣದ್ದೇನೋ ಕಾಣುತ್ತದೆ, ಅದೇ ಇರಬೇಕು. ಅಲ್ಲಿದ್ದ ಐದು ದಿನವೂ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಒಂದು ರೊಟ್ಟಿಗಾಗಿ ಯಾರಾದರೂ ಕನ್ಸೋಲ್ ಕೊಳ್ಳುತ್ತಾರೆಯೇ?

ಕನ್ಸೋಲ್ ಅಂದರೆ ವಿಡಿಯೋ ಗೇಮ್ ಆಡುವ ಯಂತ್ರ. ನಾಲ್ಕು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ನಾನು ಪುಣೆಯ ಕೋಥರೂಡ ಬಡಾವಣೆಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು, ಆನೆಯ ಸೊಂಡಿಲು ಯಾವ ಕಡೆ ಬಾಗಬೇಕು ಎಂದು ಹೇಳಿಕೊಡುತ್ತ ಇಪ್ಪತ್ತು ವರ್ಷ ಕಳೆದವಳು. ನನ್ನ ಮೈದುನ ಪ್ರಸನ್ನ ಒಳ್ಳೆಯ ಆಫೀಸಿನ ಕೆಲಸ ಬಿಟ್ಟು ಬಂದು, “ವೈನಿ, ಗೇಮ್ ಮಾಡೋಣ್ರಿ. ಚಿತ್ರಾ ನೀವು ತಗೀರಿ, ಉಳದದ್ದು ನಾ ನೋಡ್ಕೋತೀನಿ” ಎಂದಾಗ ಮನೆಯಲ್ಲಿ ಎಲ್ಲರೂ ಅವನಿಗೆ ಬುದ್ಧಿ ಹೇಳಿದರು. ನಾನೂ ಹೇಳಿದೆ. ಹೇಳಿ, ಮರುದಿನ ಚಿತ್ರ ಬಿಡಿಸಲು ಕೂತೆ. ಬಿಬವೇವಾಡಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯೇ ನಮ್ಮ ಆಫೀಸಾಯಿತು. ಒಟ್ಟು ನಾಲ್ಕು ಜನ. ಗಿರಣಿ ಶುರುವಾದರೆ ಮೇಜು ನಡುಗುತ್ತದೆ, ಆಗ ಗೆರೆ ಎಳೆಯಲು ಆಗುವುದಿಲ್ಲ, ಚಹಾ ಕುಡಿಯುತ್ತೇವೆ.

ನಮ್ಮ ಗೇಮ್ ಹೀಗಿದೆ. ಒಬ್ಬ ಅಜ್ಜಿ ನಿಮಗೆ ಜೋಳದ ಹಿಟ್ಟಿನ ಉಂಡೆ ಕೊಡುತ್ತಾಳೆ. ನೀವು ಪರದೆಯ ಮೇಲೆ ಅಂಗೈಯಿಂದ ತಟ್ಟಿ ತಟ್ಟಿ ರೊಟ್ಟಿ ಬಡಿಯಬೇಕು. ಹಂಚಿನ ಮೇಲೆ ಅದು ಉಬ್ಬುತ್ತದೆ. ಉಬ್ಬಿದ್ದೇ ತಡ, ಕಿಟಕಿಯಿಂದ ಹಾರಿ ಊರು ಸುತ್ತಲು ಹೊರಡುತ್ತದೆ. ಸ್ವಾರಗೇಟದಲ್ಲಿ ಬಸ್ಸು ಹತ್ತಿ ಸೀಟಿಗಾಗಿ ಜಗಳ ತೆಗೆಯುತ್ತದೆ, ಯಾರದೋ ಸ್ಕೂಟರಿನ ಹಿಂದೆ ಕೂತು ಮೋಡಕ್ಕೆ ಹೋಗುತ್ತದೆ, ಅಲ್ಲಿ ಚಂದ್ರನ ಜೊತೆ ಯಾರು ಹೆಚ್ಚು ದುಂಡಗಿದ್ದಾರೆ ಎಂದು ಪಂತ ಕಟ್ಟುತ್ತದೆ. ಅದನ್ನು ಪುಸಲಾಯಿಸಿ ಮನೆಗೆ ಕರೆತಂದು ತಾಟಿಗೆ ಇಳಿಸಬೇಕು. ಅಷ್ಟೇ. ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ. ಅಜ್ಜಿಗೆ ಧ್ವನಿ ಕೊಟ್ಟವರು ನನ್ನ ಅತ್ತೆ ಇಂದೂಬಾಯಿ. ವಯಸ್ಸು ಎಪ್ಪತ್ತಾರು. ಕನ್ನಡದಲ್ಲೇ ಮಾತಾಡುತ್ತಾರೆ, ಅನುವಾದವಿಲ್ಲ. “ಅರ್ಥ ಆಗಲಿಲ್ಲಂದ್ರೂ ಹಸದವರಿಗೆ ತಿಳೀತದ” ಎಂದು ಅವರೇ ಹೇಳಿದ್ದರು.

ಒಸಾಕಾದ ಒಂದು ಕನ್ಸೋಲ್ ಕಂಪನಿಯ ಕಣ್ಣಿಗೆ ಈ ಆಟ ಬಿತ್ತು. ದೊಡ್ಡ ಕಂಪನಿಯಲ್ಲ. ಅವರ ಹಿಂದಿನ ಯಂತ್ರ ಅಂಗಡಿಗಳಲ್ಲಿ ಧೂಳು ತಿಂದಿತ್ತು. ಹೊಸ ಯಂತ್ರದ ಪರದೆ ಬೆರಳಿನ ತುದಿಯಷ್ಟೇ ಅಲ್ಲ, ಇಡೀ ಅಂಗೈಯನ್ನು ಗುರುತಿಸುತ್ತದೆ. ಅದರ ಪೆಟ್ಟಿಗೆಯೊಳಗೆ ಒಂದು ಗೇಮ್ ಸೇರಿಸಿಯೇ ಮಾರುವುದೆಂದು ಅವರು ನಿರ್ಧರಿಸಿದ್ದರು. ಯಾವ ಗೇಮ್ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಕೊನೆಗೆ ಉಳಿದಿದ್ದು ಮೂರು: ಒಂದು ಕಾರಿನ ರೇಸು, ಒಂದು ಕತ್ತಿಕಾಳಗ, ಒಂದು ನಮ್ಮ ರೊಟ್ಟಿ.

ಆಯ್ಕೆಯಾದರೆ ನಮ್ಮ ಕೋಣೆ ಉಳಿಯುತ್ತದೆ. ಆಗದಿದ್ದರೆ ಪ್ರಸನ್ನ ಮುಂದಿನ ತಿಂಗಳು ಹಳೆಯ ಆಫೀಸಿಗೆ ವಾಪಸು, ಅವರು ಕರೆದಿದ್ದೂ ಆಗಿತ್ತು, ಇವನು ಒಪ್ಪಿದ್ದೂ ಆಗಿತ್ತು. ನನಗೆ ಅದರದೊಂದು ಭಯ. ಇನ್ನೊಂದು ಭಯ ಅದರ ತಿರುವು: ಆಯ್ಕೆಯಾಗಿ, ಯಂತ್ರ ಮಾರಾಟವಾಗದೆ ಹೋದರೆ? ಅಷ್ಟು ಜನರ ಕಂಪನಿ ನಮ್ಮ ಅಜ್ಜಿಯ ಸೆರಗು ಹಿಡಿದು ಹೊಳೆ ದಾಟಲು ಹೊರಟಿದೆಯಲ್ಲ ಎಂದು ರಾತ್ರಿ ಎದ್ದು ಕೂತು ಲೆಕ್ಕ ಹಾಕುತ್ತಿದ್ದೆ. ಅತ್ತ ದರಿ, ಇತ್ತ ಪುಲಿ. ಈ ಸ್ಥಿತಿಯಲ್ಲಿ ನಾನು ಮೊಟ್ಟಮೊದಲ ಸಲ ವಿದೇಶಕ್ಕೆ ಹೊರಟೆ.

ವಿಮಾನ ನಿಲ್ದಾಣ

ಪರೀಕ್ಷೆಗೆಂದು ಕಂಪನಿ ನಮಗೆ ಕಳಿಸಿದ್ದ ಯಂತ್ರವನ್ನು ನಾನು ಹಸುಗೂಸಿನಂತೆ ಎದೆಗೆ ಅವುಚಿಕೊಂಡಿದ್ದೆ. ಭದ್ರತೆಯವರು ಹಿಡಿಯುವುದಾದರೆ ಅದನ್ನೇ ಹಿಡಿಯುತ್ತಾರೆ ಎಂದು ಕಾಗದಪತ್ರವೆಲ್ಲ ಜೋಡಿಸಿಟ್ಟಿದ್ದೆ. ಆ ಯಂತ್ರವನ್ನು ಅವರು ತಿರುಗಿಯೂ ನೋಡಲಿಲ್ಲ. ಹಿಡಿದದ್ದು ಡಬ್ಬಿಯನ್ನು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಪ್ರಸನ್ನನಿಗೆ ಪರಊರಿನ ಊಟ ಒಗ್ಗುವುದಿಲ್ಲವೆಂದು ಅತ್ತೆ ಕಟ್ಟಿಕೊಟ್ಟದ್ದು.

“ಕಾಕೂ, ಹೇ ಕಾಯ್?” ಎಂದ ಭದ್ರತೆಯವನು ಮರಾಠಿಯಲ್ಲಿ.

ನಾನೂ ಮರಾಠಿಯಲ್ಲೇ ಶೇಂಗಾ ಚಟ್ನಿ ಎಂದೆ. ಅವನು ಮುಚ್ಚಳ ತೆಗೆದು ಮೂಸಿದ. ಸಾಲಾಗಿ ಮೂರು ಸೀನು. ಹಿಂದೆ ನಿಂತಿದ್ದವರೆಲ್ಲ ಎರಡು ಹೆಜ್ಜೆ ಸರಿದರು. “ಜಾ, ಕಾಕೂ, ಜಾ” ಎಂದು ಕಣ್ಣೊರೆಸಿಕೊಳ್ಳುತ್ತ ಕಳಿಸಿಬಿಟ್ಟ.

“ವೈನಿ, ಇದು ಶುಭಶಕುನಾರಿ” ಎಂದ ಪ್ರಸನ್ನ.

ಸೀನು ಅಪಶಕುನವೆಂದು ನಮ್ಮ ತವರಲ್ಲಿ ಹೊಸ್ತಿಲಿಂದಲೇ ಒಳಗೆ ಬಂದು ಕೂತು ನೀರು ಕುಡಿದು ಹೊರಡುತ್ತಿದ್ದರು. ಇಲ್ಲಿ ಕೂರಲು ಎಲ್ಲಿದೆ ಜಾಗ? ನಿಂತೇ ಎರಡು ಗುಟುಕು ನೀರು ಕುಡಿದೆ. ಆ ನೀರಿನ ಬಾಟಲಿಯನ್ನೂ ಮುಂದೆ ಕಸಿದುಕೊಂಡರು.

ಒಸಾಕಾ, ಮೊದಲ ದಿನ

ಹೋಟೆಲಿನ ಗೋಡೆಯಲ್ಲಿದ್ದ ಪ್ಲಗ್ಗಿಗೆ ಎರಡು ತೆಳು ಸೀಳುಗಳು. ನಮ್ಮ ಚಾರ್ಜರಿಗೆ ದುಂಡನೆಯ ಕಾಲು. ಲ್ಯಾಪ್‌ಟಾಪಿನ ಜೀವ ಹೋಗುತ್ತ ಬಂದಿತ್ತು. ಪ್ರಸನ್ನ ಕೆಳಗಿನ ಕೌಂಟರಿನ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳಿದ, ಮರಾಠಿಯಲ್ಲಿ ಹೇಳಿದ, ಕೊನೆಗೆ ತನ್ನ ಎರಡು ಬೆರಳನ್ನು ಗೋಡೆಗೆ ಚುಚ್ಚುವ ಹಾಗೆ ನಟಿಸಿದ. ಆಕೆ ಗಾಬರಿಯಾಗಿ ಬೇಡ ಬೇಡ ಎಂದು ಕೈಯಾಡಿಸಿದಳು. ಆಮೇಲೆ ಅರ್ಥವಾಗಿ, ಒಂದು ಅಡಾಪ್ಟರ್ ತಂದು ಎರಡೂ ಕೈಯಲ್ಲಿ ಹಿಡಿದು, ಬಾಗಿ, ಪ್ರಸಾದ ಕೊಡುವಂತೆ ಕೊಟ್ಟಳು. ಪ್ರಸನ್ನನೂ ಕಣ್ಣಿಗೊತ್ತಿಕೊಂಡೇ ತೆಗೆದುಕೊಂಡ.

ಕಂಪನಿಗೆ ನಡೆದೇ ಹೋದೆವು. ದಾರಿಯಲ್ಲಿ ಒಂದು ಸಿಗ್ನಲ್. ಕೆಂಪು ದೀಪ. ರಸ್ತೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಸೈಕಲ್ಲೂ ಇಲ್ಲ. ಹದಿನೈದು ಜನ ಸುಮ್ಮನೆ ನಿಂತಿದ್ದಾರೆ. ನಮ್ಮ ಕೋಥರೂಡದಲ್ಲಿ ಹಸಿರು ದೀಪ ಬಿದ್ದಾಗ ರಸ್ತೆ ದಾಟಲೂ ನನಗೆ ಧೈರ್ಯ ಸಾಲದು, ಸ್ಕೂಟರುಗಳು ಫುಟ್‌ಪಾತಿನ ಮೇಲಿಂದಲೂ ಬರುತ್ತವೆ. ಇಲ್ಲಿ ದಾಟದೆ ನಿಲ್ಲಲು ಕಷ್ಟವಾಯಿತು. ಇಷ್ಟು ನಿಯಮದ ಜನ ನಮ್ಮ ಹುಚ್ಚು ರೊಟ್ಟಿಯನ್ನು ಏನು ಮಾಡಿಯಾರು ಎಂದು ಅಲ್ಲೇ ನನಗೆ ಚಿಂತೆ ಹತ್ತಿತು.

ನಮ್ಮನ್ನು ಕರೆಸಿದ್ದವರು ಮೋರಿ-ಸಾನ್. ಸಾನ್ ಅಂದರೆ ನಮ್ಮ ‘ರೀ’ ಇದ್ದ ಹಾಗೆ, ಹೆಸರಿಗೆ ಅಂಟಿಸುವ ಮರ್ಯಾದೆ. ನನ್ನಷ್ಟೇ ವಯಸ್ಸಿನ, ಗಿಡ್ಡ ಕೂದಲಿನ ಹೆಂಗಸು, ಹೊರಗಿನ ಗೇಮುಗಳನ್ನು ಆರಿಸುವ ಕೆಲಸ. ನಿಧಾನವಾದ, ಸ್ಪಷ್ಟವಾದ ಇಂಗ್ಲಿಷು. ಕೂತ ಕೂಡಲೇ ಒಂದು ತಟ್ಟೆಯಲ್ಲಿ ಬಟಾಣಿಯ ಹಸಿರು ಬಣ್ಣದ ಮಿಠಾಯಿ ತಂದು ಮುಂದೆ ಹಿಡಿದರು. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ಮೊದಲ ಸಲಕ್ಕೇ ಕೈ ಚಾಚಿದರೆ ನಮ್ಮ ಕಡೆ ಏನೆಂದಾರು? “ಬೇಡ, ಈಗಷ್ಟೇ ಆಯಿತು” ಎಂದೆ.

ಮೋರಿ-ಸಾನ್ ತಲೆಬಾಗಿಸಿ, ತಟ್ಟೆ ಎತ್ತಿಕೊಂಡು, ಪಕ್ಕದ ಕೋಣೆಗೆ ಹೋಗಿ ಇಟ್ಟು ಬಂದರು. ನಾನು ಬಾಗಿಲನ್ನೇ ನೋಡುತ್ತ ಉಳಿದೆ. ಎರಡನೆಯ ಸಲ ಕೇಳಲೇ ಇಲ್ಲ!

“ಅನುಭವಿಸ್ರಿ ಈಗ” ಎಂದು ಪ್ರಸನ್ನ ಹಲ್ಲು ಕಚ್ಚಿ ಮೆಲ್ಲಗೆ ಅಂದ. ಅವನ ಮಿಠಾಯಿಯೂ ಅದೇ ತಟ್ಟೆಯಲ್ಲಿ ಹೋಗಿತ್ತು.

ಆಮೇಲೆ ಮೋರಿ-ಸಾನ್ ಒಂದು ಕಾಗದ ಮುಂದಿಟ್ಟರು. ಅವರ ತಪಾಸಣಾ ವಿಭಾಗದವರು ನಮ್ಮ ಗೇಮ್ ಆಡಿ ನೋಡಿ ಬರೆದ ವರದಿ. ಸಣ್ಣಪುಟ್ಟ ತಪ್ಪುಗಳ ಪಟ್ಟಿ, ಅದೆಲ್ಲ ಒಂದು ಮಧ್ಯಾಹ್ನದ ಕೆಲಸ. ಕೊನೆಯ ಸಾಲು ಮಾತ್ರ ಕೆಂಪಕ್ಷರದಲ್ಲಿತ್ತು: ಆಟ ಮುಗಿಸುವ ಗುಂಡಿ ಕೆಟ್ಟಿದೆ. ಒತ್ತಿದರೂ ಆಟ ಮುಗಿಯುವುದಿಲ್ಲ.

ಪ್ರಸನ್ನ ಜೋರಾಗಿ ನಕ್ಕ. “ಅದು ಕೆಟ್ಟಿಲ್ಲ, ಅದು ಬಡಿಸೋದು!”

ಹೌದು. ನಮ್ಮ ಗೇಮಿನಲ್ಲಿ ಮುಗಿಸುವ ಗುಂಡಿ ಒತ್ತಿದರೆ ಅಜ್ಜಿ ಹೊರಗೆ ಬಂದು, “ಅಯ್ಯ, ಅದೇನು ಊಟಾರಿ ಅದು? ಇನ್ನೊಂದರ ತಗೋರಿ” ಎಂದು ಮತ್ತೊಂದು ಉಂಡೆ ಇಡುತ್ತಾಳೆ. ಎರಡನೆಯ ಸಲ ಒತ್ತಿದರೆ, “ಅರ್ಧಾನಾರೆ” ಎನ್ನುತ್ತಾಳೆ, ಅರ್ಧವಾದರೂ ತಿನ್ನಿ ಎಂದು. ಮೂರನೆಯ ಸಲಕ್ಕೆ “ಕೈ ತೊಳಕೋರಿ” ಎಂದು ಬಿಡುತ್ತಾಳೆ. ಇದನ್ನು ನಾವು ಯೋಚಿಸಿ ಮಾಡಿದ್ದೇ ಅಲ್ಲ. ಊಟಕ್ಕೆ ಕೂತವರು ಒಂದು ಸಲ ಸಾಕು ಎಂದರೆ ಯಾರು ಬಿಡುತ್ತಾರೆ? ಬಿಟ್ಟರೆ, ಆ ಮನೆಯಲ್ಲಿ ಬಡಿಸುವ ಮನಸ್ಸಿರಲಿಲ್ಲ ಎಂದು ಬೀಗರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಪುಣೆಯಲ್ಲಿ ಆಡಿದ ನಮ್ಮ ಕನ್ನಡದವರು, ಮರಾಠಿಯವರು ಎಲ್ಲರೂ ತಾವಾಗಿಯೇ ಮೂರು ಸಲ ಒತ್ತಿ ಎದ್ದು ಹೋಗಿದ್ದರು. ಒಬ್ಬರೂ ದೂರು ಹೇಳಿರಲಿಲ್ಲ.

ಮೋರಿ-ಸಾನ್ ಎಲ್ಲ ಕೇಳಿಸಿಕೊಂಡರು. ನಗಲಿಲ್ಲ, ಮುಖವೂ ಗಂಟಿಕ್ಕಲಿಲ್ಲ. “ನನಗೆ ಅರ್ಥವಾಯಿತು, ಗಿರಿಜಾ-ಸಾನ್. ಆದರೆ ನಿಯಮ ಇದೆ. ಗುಂಡಿ ಒಂದೇ ಸಲಕ್ಕೆ ಆಟ ಮುಗಿಸಬೇಕು. ನಾಡಿದ್ದು ಬೆಳಿಗ್ಗೆ ನಮ್ಮ ಮುಖ್ಯಸ್ಥರು ಇಶಿದಾ-ಸಾನ್ ಮೂರೂ ಗೇಮ್ ಆಡಿ ನೋಡುತ್ತಾರೆ. ನಿರ್ಧಾರ ಅವರದು. ಅವರು ಮೊದಲಿನಿಂದಲೂ ಕಾರಿನ ಪರ. ಏನು ಮಾಡುತ್ತೀರಿ ಎಂದು ನೀವೇ ಯೋಚಿಸಿ.”

ಅವರ ದನಿ ಅಷ್ಟು ಮೆತ್ತಗಿತ್ತು, ಅದರಿಂದಲೇ ನನಗೆ ಇನ್ನೂ ಹೆದರಿಕೆಯಾಯಿತು. ಆ ಮೂರು ಆಟಗಳಲ್ಲಿ ನಮ್ಮದನ್ನು ಹಿಡಿದು ತಂದದ್ದು ಆಕೆ. ನಮ್ಮದು ಬಿದ್ದರೆ ಆಕೆಯ ಮಾತೂ ಆ ಆಫೀಸಿನಲ್ಲಿ ಬೀಳುತ್ತದೆ ಎಂಬುದು ಹೇಳದೆಯೂ ತಿಳಿಯುತ್ತಿತ್ತು.

ಕಬ್ಬಿಣದ ಹಂಚಿನ ಹೋಟೆಲು

ಸಂಜೆ ಆರಕ್ಕೇ ಊಟಕ್ಕೆ ಹೋದೆವು. ಸಣ್ಣ ಹೋಟೆಲು. ಗಿರಾಕಿಗಳ ಎದುರಿಗೇ ಅಗಲವಾದ ಕಬ್ಬಿಣದ ಹಂಚು, ಅದರ ಮೇಲೆ ಎಲೆಕೋಸು ಹಾಕಿದ ದಪ್ಪನೆಯ ರೊಟ್ಟಿ ಬೇಯಿಸಿಕೊಡುತ್ತಾರೆ. ಅಯ್ಯೋ, ಇದು ನಮ್ಮ ಥಾಲಿಪೀಠವೇ ಅಲ್ಲವೇ ಎಂದು ನನಗೆ ಕುಣಿಯುವಷ್ಟು ಸಂತೋಷವಾಯಿತು. ಫೋನಿನಲ್ಲಿ ‘ಮಾಂಸ ಬೇಡ’ ಎಂದು ಜಪಾನಿಯಲ್ಲಿ ಬರೆದು ತೋರಿಸಿದೆವು. ಆಕೆ ಸರಿ ಎಂದು ಮಾಡಿ, ಮೇಲೆ ಏನೋ ತೆಳುವಾದ ಕಂದು ಚೂರು ಉದುರಿಸಿ ಮುಂದಿಟ್ಟಳು.

ಆ ಚೂರುಗಳು ಅಲುಗಾಡತೊಡಗಿದವು. ಏಳುತ್ತವೆ, ಬಾಗುತ್ತವೆ, ಮತ್ತೆ ಏಳುತ್ತವೆ.

“ವೈನೀ, ಜೀವ ಅದ ಇದಕ್ಕ!” ಎಂದು ಪ್ರಸನ್ನ ಕುರ್ಚಿಯಿಂದ ಎದ್ದೇಬಿಟ್ಟ.

ಒಣಗಿಸಿದ ಮೀನಂತೆ, ಹಾಳೆಯಂತೆ ಕೆರೆದು ಹಾಕುತ್ತಾರಂತೆ, ಬಿಸಿಯ ಹಬೆಗೆ ಕುಣಿಯುತ್ತದಂತೆ. ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಪಕ್ಕದಲ್ಲಿದ್ದ ಮುದುಕರೊಬ್ಬರು ಅದೆಲ್ಲವನ್ನೂ ಕಡ್ಡಿಯಿಂದ ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡು ನಮ್ಮ ಸಂಕಟ ಕಡಿಮೆ ಮಾಡಿದರು. ಆದರೂ ಗಂಟಲಲ್ಲಿ ಇಳಿಯಲಿಲ್ಲ. ರೂಮಿನಲ್ಲಿ ಡಬ್ಬಿ ಇದೆಯಲ್ಲ ಎಂಬುದೇ ಸಮಾಧಾನವಾಯಿತು.

ಅಲ್ಲೇ ಕೂತು ನಾನು ಹೇಳಿದೆ, “ಪ್ರಸನ್ನಾ, ತಗದುಬಿಡು. ಒಂದ ಸಲ ಒತ್ತಿದ್ರ ಮುಗೀಲಿ.”

“ಏನು ತಗೀಲಿ? ಅವ್ವನ್ನ?”

“ಆ ಜಾಗದಾಗಿಂದಷ್ಟ. ರೊಟ್ಟಿ ಅದ, ಬಸ್ ಅದ, ಚಂದ್ರ ಅದಾನ. ಸಾಲದೇನು?”

“ವೈನಿ, ಆ ಅಜ್ಜಿ ಬಿಡದ ಇರೋದ ನಮ್ಮ ಆಟಾರಿ. ಅದಿಲ್ಲಂದ್ರ ಬರೇ ಹಿಟ್ಟು.”

“ಅವರ ಮುಂದ ಕೆಟ್ಟಿದ್ದ ಗೇಮ್ ಇಟ್ಟು ಮಾನ ಕಳಕೊಳ್ಳೋಣೇನು? ಸಿಗ್ನಲ್ ನೋಡಿದಿಲ್ಲೋ, ನಾಯಿ ಸುದ್ದಾ ನಿಂತಿತ್ತು! ಇವರಿಗೆ ಕಾನೂನು ಅಂದ್ರ ಕಾನೂನು. ಕೈಗೆ ಬಂದ ತುತ್ತು ಬಾಯಿಗೆ ಬರೋದಿಲ್ಲ ನೋಡು.”

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. “ಹಿರ್ಯಾರು ನೀವು. ಆತು, ತಗೀತೀನಿ” ಎಂದ. ನನ್ನ ಮಾತು ಗೆದ್ದಿತು, ಆದರೆ ಗೆದ್ದ ಹಾಗೆ ಅನಿಸಲಿಲ್ಲ. ಸತ್ಯ ಹೇಳುತ್ತೇನೆ, ಅದು ಬುದ್ಧಿವಂತಿಕೆಯಾಗಿರಲಿಲ್ಲ, ಪುಕ್ಕಲುತನ.

ಹೊರಗೆ ಬರುವಷ್ಟರಲ್ಲಿ ಅತ್ತೆಯ ವಿಡಿಯೋ ಕಾಲ್. ಪುಣೆಯಲ್ಲಿ ಆಗ ಮಧ್ಯಾಹ್ನ. ಹಿಂದೆ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು.

“ಕೇಳಿದ್ರೇನ ನನ್ನ ಮಾತು ಅವರು? ‘ಇನ್ನೊಂದರ ತಗೋರಿ’ ಅಂದದ್ದು ಛಂದ ಬಂದದೋ ಇಲ್ಲೋ?”

ಆ ಒಂದು ಸಾಲಿಗಾಗಿ ಅವರು ಅಡುಗೆಮನೆಯಲ್ಲಿ ಎರಡು ದಿನ ನಿಂತಿದ್ದರು. ಒಮ್ಮೆ ಫ್ಯಾನಿನ ಸದ್ದು, ಒಮ್ಮೆ ಭಾಜಿ ಮಾರುವವನ ಕೂಗು. ಒಂದು ಸಲವೂ ಬೇಸರಪಟ್ಟುಕೊಳ್ಳದೆ ಸುಮಾರು ನಲವತ್ತು ಸಲ ಹೇಳಿದ್ದರು.

“ಭಾಳ ಛಂದ ಬಂದದರಿ ಅತ್ತಿ. ಎಲ್ಲಾರೂ ಮೆಚ್ಚಿದ್ರು” ಎಂದೆ. ಫೋನಿಟ್ಟ ಮೇಲೆ ಪ್ರಸನ್ನ ನನ್ನ ಮುಖ ನೋಡಲಿಲ್ಲ.

ಆರನೆಯ ಮಹಡಿ

ಇಶಿದಾ-ಸಾನ್ ಅರವತ್ತರ ಆಸುಪಾಸಿನವರು. ಸಣಕಲು ಮೈ, ಬೂದು ಕೋಟು. ಯಂತ್ರ ಮಾರುವುದರಲ್ಲಿ ಇಡೀ ಆಯುಷ್ಯ ತೇಯ್ದವರು ಎಂದು ಮೋರಿ-ಸಾನ್ ಹೇಳಿದ್ದರು. ಬೆಳಿಗ್ಗೆಯಿಂದ ಕಾರು ಓಡಿಸಿ, ಕತ್ತಿ ಬೀಸಿ ನಾವು ಕಾದು ಕೂತಿದ್ದ ಕೋಣೆಗೆ ಬಂದಿದ್ದರು. ಬಾಗಿದರು, ನಾವೂ ಬಾಗಿದೆವು. ನಾನು ಎಷ್ಟು ಬಾಗಿದೆನೆಂದರೆ ಕೊರಳಿನ ಗುರುತಿನ ಚೀಟಿ ಚಹಾದಲ್ಲಿ ಅದ್ದಿತು.

ಅವರು ಅಂಗೈ ಚಾಚಿ ರೊಟ್ಟಿ ತಟ್ಟಿದರು. ಮೊದಲನೆಯದು ಹರಿಯಿತು. ಎರಡನೆಯದು ಸರಿಯಾಯಿತು, ಉಬ್ಬಿತು, ಹಾರಿತು. ಬಸ್ಸಿನಲ್ಲಿ ರೊಟ್ಟಿ ಕಂಡಕ್ಟರನ ಜೊತೆ ಜಗಳಕ್ಕೆ ಬಿದ್ದಾಗ ಮೋರಿ-ಸಾನ್ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಇಶಿದಾ-ಸಾನ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಮೇಜಿನ ಕೆಳಗೆ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದೆ.

ರೊಟ್ಟಿ ತಾಟಿಗಿಳಿದ ಮೇಲೆ ಅವರು ಮುಗಿಸುವ ಗುಂಡಿ ಒತ್ತಿದರು. ಪರದೆ ಕಪ್ಪಾಯಿತು. ಒಂದೇ ಸಲಕ್ಕೆ, ಅಚ್ಚುಕಟ್ಟಾಗಿ.

ಅವರು ಕಪ್ಪು ಪರದೆಯನ್ನು ನೋಡುತ್ತಲೇ ಇದ್ದರು. ಆಮೇಲೆ ಜಪಾನಿಯಲ್ಲಿ ಏನೋ ಕೇಳಿದರು. ಮೋರಿ-ಸಾನ್ ಮುಖ ಬಿಳಚಿಕೊಂಡಿತು.

“ಇಶಿದಾ-ಸಾನ್ ಕೇಳುತ್ತಿದ್ದಾರೆ, ವರದಿಯಲ್ಲಿ ಒಬ್ಬ ಅಜ್ಜಿ ಇದ್ದಳಲ್ಲ, ಬಿಡದವಳು. ತಪಾಸಣೆಯವರು ಊಟದ ಹೊತ್ತಿನಲ್ಲೂ ಅವಳ ಮಾತೇ ಆಡುತ್ತಿದ್ದರಂತೆ. ಒಬ್ಬನಂತೂ ಅವಳಿಗೆ ಇಲ್ಲ ಎನ್ನಲಾರದೆ ಎರಡು ಗಂಟೆ ರೊಟ್ಟಿ ಬಡಿದನಂತೆ. ಅವಳೆಲ್ಲಿ?”

“ನಿಯಮ ಇತ್ತಲ್ಲ, ತೆಗೆದೆವು” ಎಂದೆ.

“ನಿಯಮ ಬರೆದವನು ನಾನೇ” ಎಂದರಂತೆ ಇಶಿದಾ-ಸಾನ್. “ಅವಳನ್ನು ನೋಡಲೆಂದೇ ಬಂದಿದ್ದೆ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಪ್ರಸನ್ನ ನೆಲ ನೋಡುತ್ತಿದ್ದ. ಇಶಿದಾ-ಸಾನ್ ಕನ್ನಡಕ ತೆಗೆದು ಒರೆಸುತ್ತ, ಸಿಟ್ಟಿಲ್ಲದೆ, ದಣಿದವರ ಹಾಗೆ ಮಾತಾಡಿದರು. ಅಂಗಡಿಯವರು ಕಾರು ಕೇಳುತ್ತಾರೆ, ಯುದ್ಧ ಕೇಳುತ್ತಾರೆ. ಅವು ಬೇರೆಯವರ ಯಂತ್ರದಲ್ಲೂ ಇವೆ, ಇನ್ನೂ ಚೆನ್ನಾಗಿಯೇ ಇವೆ. ಹಿಂದಿನ ಸಲ ಅವರ ಹಾಗೇ ಮಾಡಲು ಹೋಗಿ ಮುಳುಗಿದೆವು. ಈ ಸಲ ಮುಳುಗಿದರೆ ಏಳುವುದಿಲ್ಲ. “ನನಗೆ ಒಂದು ಹೇಳಿ. ಕಾರು ಬಿಟ್ಟು, ಒಂದು ರೊಟ್ಟಿಗಾಗಿ ಜನ ನಮ್ಮ ಯಂತ್ರ ಕೊಳ್ಳುತ್ತಾರೆಯೇ?”

ಮೂರು ವಾರದಿಂದ ಕನ್ನಡಿಯ ಮುಂದೆ ಇದಕ್ಕೊಂದು ಉತ್ತರ ಉರು ಹೊಡೆದಿದ್ದೆ. ಒಂದಕ್ಷರ ನೆನಪಾಗಲಿಲ್ಲ. “ಗೊತ್ತಿಲ್ಲ” ಎಂದೆ. “ನನಗೂ ಅದೇ ಭಯ.”

ಮೋರಿ-ಸಾನ್ ಮತ್ತೆ ಚಹಾ ತರಿಸಿದರು. ಬರೀ ಚಹಾ. ಹಿರಿಯರ ಮುಂದೆ ಬರೀ ಚಹಾ ಇರುವುದು ನೋಡಲಾಗದೆ ನಾನು ಚೀಲದಿಂದ ಡಬ್ಬಿ ತೆಗೆದೆ. ನಮ್ಮ ಮಧ್ಯಾಹ್ನದ ಬುತ್ತಿ ಅದು. ಕಾಗದದ ತಟ್ಟೆಯಲ್ಲಿ ಒಂದು ರೊಟ್ಟಿ, ಪಕ್ಕಕ್ಕೆ ಚಟ್ನಿಪುಡಿ ಹಾಕಿ ಇಶಿದಾ-ಸಾನ್ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ಮುರಿದರು. ಕಟಕ್ ಎಂದಿತು. ತಿಂದರು. ಚಟ್ನಿಗೆ ಕಣ್ಣಲ್ಲಿ ನೀರು ಬಂತು, ಆದರೂ ಬಿಡದೆ ಪೂರ್ತಿ ತಿಂದು, ತಲೆಬಾಗಿಸಿ, ಸಾಕೆಂಬಂತೆ ಏನೋ ಅಂದರು.

ನಾನು ಆಣೆ ಮಾಡಿ ಹೇಳುತ್ತೇನೆ, ಆಗ ಏನನ್ನೂ ಯೋಚಿಸಿರಲಿಲ್ಲ. ಕೈ ತಾನೇ ಹೋಯಿತು. “ಅಯ್ಯ, ಒಂದರಾಗ ಏನಾಗ್ತದರಿ? ಇನ್ನೊಂದು ತಗೋರಿ” ಎಂದು ಶುದ್ಧ ಕನ್ನಡದಲ್ಲಿ ಹೇಳಿ ಎರಡನೆಯದನ್ನು ಹಾಕಿಯೇಬಿಟ್ಟೆ. ಅವರು ಗಾಬರಿಯಿಂದ ಮೋರಿ-ಸಾನ್ ಕಡೆ ನೋಡಿದರು. ಅರ್ಧ ತಿಂದು ಮತ್ತೆ ತಲೆಬಾಗಿಸಿದರು. “ಅರ್ಧಾನಾರೆ” ಎನ್ನುತ್ತ ನಾನು ಮೂರನೆಯದನ್ನು ಮುರಿಯುತ್ತಿದ್ದೆ.

ಆಗ ಇಶಿದಾ-ಸಾನ್ ತಮ್ಮ ಅಂಗೈಯನ್ನು ಅಗಲಿಸಿ ತಟ್ಟೆಯ ಮೇಲೆ ಅಡ್ಡ ಹಿಡಿದರು. ನಮ್ಮ ಪಂಕ್ತಿಯಲ್ಲಿ ಕೂತ ಹಿರಿಯರು ಎಲೆಯ ಮೇಲೆ ಹಿಡಿಯುತ್ತಾರಲ್ಲ, ಹಾಗೆಯೇ. ಅವರಿಗೆ ಯಾರು ಕಲಿಸಿದ್ದರು?

ನನ್ನ ಕೈ ನಿಂತಿತು. ಅಂಗೈ ಅಡ್ಡ ಬಂದ ಮೇಲೆ ಬಡಿಸುವ ಹಾಗಿಲ್ಲ.

“ವೈನೀ! ಕೈ ನೋಡ್ರಿ, ಕೈ!” ಪ್ರಸನ್ನ ಕೂಗಿಕೊಂಡ. “ಈ ಯಂತ್ರಕ್ಕ ಅಂಗೈ ಗೊತ್ತಾಗ್ತದ! ಗುಂಡಿ ಒತ್ತಿದ್ರ ಕಾನೂನಿನಂಗ ಒಂದ ಸಲಕ್ಕ ಮುಗೀಲಿ. ಆದ್ರ ಗುಂಡಿ ಒತ್ತದ ಕೂತ್ರ ಅವ್ವ ಬಡಸ್ತಾನ ಇರ್ಲಿ. ಸಾಕಂದ್ರ ತಾಟಿನ ಮ್ಯಾಲ ಕೈ ಅಡ್ಡ ಹಿಡೀಲಿ!”

“ಅವ್ವನ ಮಾತು ತಗದಿದ್ದೀಯಲ್ಲೋ?”

“ಎಲ್ಲೆ ತಗದೀನ್ರಿ? ಮುಚ್ಚಿಟ್ಟಿದ್ದೆ. ನಿಮಗ ಸುಳ್ಳ ಹೇಳ್ದೆ, ತಪ್ಪಾತು” ಎಂದ. ಅವನನ್ನು ಅಪ್ಪಿಕೊಳ್ಳಬೇಕೋ ಕೆನ್ನೆಗೆ ಬಿಗಿಯಬೇಕೋ ತಿಳಿಯಲಿಲ್ಲ.

ಅರ್ಧ ಗಂಟೆ ಬೇಕು ಎಂದು ಕೇಳಿಕೊಂಡೆವು. ಇಶಿದಾ-ಸಾನ್ ಎದ್ದು ಹೋಗಲಿಲ್ಲ. ಪ್ರಸನ್ನನ ಅರ್ಧ ಗಂಟೆ ಎಂದಿನಂತೆ ಒಂದೂವರೆ ಗಂಟೆಯಾಯಿತು. ಅಷ್ಟು ಹೊತ್ತೂ ಅವರು ಬೆನ್ನು ನೆಟ್ಟಗೆ ಮಾಡಿ ಕೂತು, ಉಳಿದಿದ್ದ ಆ ಅರ್ಧ ರೊಟ್ಟಿಯನ್ನು ಚೂರು ಚೂರಾಗಿ ಮುಗಿಸಿದರು. ನಮ್ಮಲ್ಲಾದರೆ ಈ ಹೊತ್ತಿಗೆ ನಾಲ್ಕು ಜನ ಬಂದು “ಝಾಲಂ ಕಾ, ಆಯಿತೇ?” ಎಂದು ಹೆಗಲ ಮೇಲಿಂದ ಇಣುಕಿರುತ್ತಿದ್ದರು.

ಕೊನೆಗೆ ಯಂತ್ರ ಅವರ ಕೈಗೆ ಹೋಯಿತು. ಈ ಸಲ ಒಂದು ರೊಟ್ಟಿ ಮುಗಿದದ್ದೇ ಅತ್ತೆಯ ಧ್ವನಿ ಬಂತು. ಒಸಾಕಾದ ಆರನೆಯ ಮಹಡಿಯಲ್ಲಿ, ಎಲ್ಲರೂ ಪಿಸುಗುಟ್ಟುವ ಆ ಆಫೀಸಿನಲ್ಲಿ, “ಇನ್ನೊಂದರ ತಗೋರಿ!” ಹೊರಗೆ ಹೋಗುತ್ತಿದ್ದ ಇಬ್ಬರು ಗಾಜಿನ ಬಾಗಿಲ ಬಳಿ ನಿಂತರು. ಇಶಿದಾ-ಸಾನ್ ಇನ್ನೊಂದು ಬಡಿದರು. ಮತ್ತೊಂದು ಬಡಿದರು. ಆಮೇಲೆ ಅಂಗೈ ಅಡ್ಡ ಹಿಡಿದರು.

“ಹೊಟ್ಟಿ ತುಂಬ್ತಲ್ಲಾ? ಆತು, ಕೈ ತೊಳಕೋರಿ” ಎಂದಳು ಅಜ್ಜಿ. ಪರದೆ ಆರಿತು.

ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. ಎದ್ದು, ಬಾಗಿ, ಎರಡು ಮಾತು ಹೇಳಿ ಹೋದರು.

“ಏನಂದರು?” ಎಂದೆ.

“ಯೋಚಿಸುತ್ತೇವೆ ಅಂದರು.” ಮೋರಿ-ಸಾನ್ ತಲೆಬಾಗಿಸಿ ಹೇಳಿದರು, “ಕ್ಷಮಿಸಿ, ಗಿರಿಜಾ-ಸಾನ್. ನಮ್ಮಲ್ಲಿ ಹಾಗಂದರೆ ಹೆಚ್ಚಾಗಿ ಆಗುವುದಿಲ್ಲ ಎಂದೇ.”

ಉಳಿದ ಎರಡು ದಿನ

ಕೋಟೆ ನೋಡಿದೆವು. ಜಿಂಕೆಗಳಿರುವ ಊರಿಗೂ ಹೋದೆವು. ಅಲ್ಲಿ ಜಿಂಕೆಗಳು ತಲೆಬಾಗಿಸಿ ಬಿಸ್ಕೀಟು ಕೇಳುತ್ತವೆ, ಕೊಡದಿದ್ದರೆ ಸೆರಗು ಜಗ್ಗುತ್ತವೆ. ಒಂದು ಜಿಂಕೆ ನನ್ನ ವಾಪಸು ಪ್ರಯಾಣದ ಕಾಗದದ ಮೂಲೆ ತಿಂದುಹಾಕಿತು. ಬೇರೆ ಹೊತ್ತಾಗಿದ್ದರೆ ಊರೆಲ್ಲ ಹೇಳಿಕೊಂಡು ನಗುವ ಸಂಗತಿ. ನಾನು ಮಾತ್ರ ಫೋನು ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಅದೇ ಹೊತ್ತಿಗೆ ಯಾರೋ ಆ ಫೋಟೋ ತೆಗೆದಿರಬೇಕು, ಹೂವಿನದು.

ಪ್ರಸನ್ನ ಒಂದು ಬೆಂಚಿನ ಮೇಲೆ ಕೂತು, “ಆಫೀಸಿಗೆ ಹಾಕ್ಕೊಂಡು ಹೋಗಾಕ ಬೂಟ್ ತಗೋಬೇಕ್ರಿ ವೈನಿ, ಹಳೇವು ಹರದಾವ” ಎಂದ. ಅವನು ಅಷ್ಟು ಸಾದಾ ದನಿಯಲ್ಲಿ ಹೇಳಿದ್ದಕ್ಕೆ ನನಗೆ ಅಳು ಬಂತು. ಜಿಂಕೆಯ ನೆಪ ಮಾಡಿ ಆ ಕಡೆ ತಿರುಗಿದೆ.

ಮತ್ತೆ ಪುಣೆ

ಮನೆಗೆ ಬಂದು ಹನ್ನೊಂದು ದಿನ ಏನೂ ಇಲ್ಲ. ಪ್ರಸನ್ನ ಬೂಟು ಕೊಂಡ. ಗಿರಣಿಯ ಮೇಲಿನ ಕೋಣೆ ಖಾಲಿ ಮಾಡುವುದಾಗಿ ಮಾಲೀಕರಿಗೆ ಹೇಳಲು ನಾನು ಎರಡು ಸಲ ಮೆಟ್ಟಿಲಿಳಿದು, ಎರಡು ಸಲವೂ ಹಿಟ್ಟು ಬೀಸಿಸಿಕೊಂಡು ವಾಪಸು ಬಂದೆ. ಹನ್ನೆರಡನೆಯ ದಿನ ಮೋರಿ-ಸಾನ್ ಅವರ ಮೇಲ್ ಬಂತು. ಒಂದೇ ಸಾಲು: ಅಜ್ಜಿ ಪೆಟ್ಟಿಗೆಯೊಳಗೆ ಬರುತ್ತಾಳೆ.

ಮನೆಯಲ್ಲಿ ಪೇಢೆ ಹಂಚಿದರು. ಪ್ರಸನ್ನ ಕುಣಿದ. ಹಳೆಯ ಆಫೀಸಿಗೆ ಬರುವುದಿಲ್ಲ ಎಂದು ಮಾತ್ರ ತಕ್ಷಣ ಬರೆಯಲಿಲ್ಲ, ನಾನೇ ತಡೆದೆ. ಯಂತ್ರ ಮಾರಾಟವಾಗಲಿ, ಆಮೇಲೆ ನೋಡೋಣ, ಸ್ವಲ್ಪ ಸಮಯ ಕೇಳು ಎಂದೆ. ಅವರೂ ಕೊಟ್ಟರು. ಹಳೆಯ ಭಯ ಹೋಗಿ ಹೊಸದು ಬಂದು ಕೂತಿತ್ತು. ಯಂತ್ರ ಅಂಗಡಿಗೆ ಬಂದ ದಿನ ನಾನು ಉಪವಾಸ ಮಾಡಿದೆ, ಯಾವ ದೇವರಿಗೆಂದು ಕೇಳಬೇಡಿ. ಮೊದಲ ವಾರ ಸುದ್ದಿ ಇಲ್ಲ. ಎರಡನೆಯ ವಾರ ‘ನಿಧಾನ’ ಎಂದು ಬಂತು. ಮೂರನೆಯ ವಾರ ಮೋರಿ-ಸಾನ್ ಬರೆಯಲೇ ಇಲ್ಲ. ನಾನು ಪ್ರಸನ್ನನ ಬೂಟಿಗೆ ಪಾಲಿಶ್ ಹಾಕಿಟ್ಟೆ.

ಐದನೆಯ ವಾರ, ಒಂದು ಬೆಳಿಗ್ಗೆ, ಸ್ವತಃ ಇಶಿದಾ-ಸಾನ್ ಬರೆದರು. ಪ್ರಸನ್ನ ನಿಂತಲ್ಲೇ ನಿಂತು ಅದನ್ನು ಕನ್ನಡ ಮಾಡುತ್ತ ಓದಿದ. ಅತ್ತೆ ನಮ್ಮ ಎದುರಿಗೆ ಮೆಂತ್ಯಪಲ್ಲೆ ಸೋಸುತ್ತಿದ್ದರು.

“ಗಿರಿಜಾ-ಸಾನ್, ಈ ಯಂತ್ರಕ್ಕೆ ಹೆಸರಿಡಲು ನಾನು ಎರಡು ವರ್ಷ ತೆಗೆದುಕೊಂಡೆ. ಅಂಗಡಿಗಳಿಂದ ಬರುವ ಆರ್ಡರುಗಳಲ್ಲಿ ಆ ಹೆಸರು ಇಲ್ಲ. ಜನ ಬಂದು ‘ಅಜ್ಜಿಯ ಯಂತ್ರ ಕೊಡಿ’ ಎನ್ನುತ್ತಾರಂತೆ. ಅಂಗಡಿಯವರೂ ಈಗ ಹಾಗೇ ಬರೆದು ಕಳಿಸುತ್ತಿದ್ದಾರೆ. ಮೊದಲು ಮಾಡಿದ್ದೆಲ್ಲ ಖರ್ಚಾಗಿದೆ, ಮತ್ತೆ ಮಾಡಲು ಹೇಳಿದ್ದೇವೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ನಿಮಗೂ ತಿಳಿಸಬೇಕು ಅನಿಸಿತು.”

ಪ್ರಸನ್ನ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಾನು ಜೋರಾಗಿ ಅತ್ತುಬಿಟ್ಟೆ. ಅತ್ತೆ ಮೆಂತ್ಯದ ಕಟ್ಟು ಪಕ್ಕಕ್ಕಿಟ್ಟು ನಮ್ಮಿಬ್ಬರನ್ನೂ ನೋಡಿದರು.

“ಏನಂತ ಕೇಳ್ತಾರಂದಿ ಅಂಗಡ್ಯಾಗ?”

“ಅಜ್ಜಿಯ ಯಂತ್ರ ಅಂತ, ಅವ್ವಾ” ಎಂದ ಪ್ರಸನ್ನ.

“ಅಜ್ಜಿ?” ಅತ್ತೆಯ ಮೂಗಿನ ತುದಿ ಕೆಂಪಾಯಿತು. “ಯಾರಿಗೋ ಅಜ್ಜಿ? ಇಂದೂಬಾಯಿ ಅನ್ನಾಕ ಏನ ರೋಗ ಅವರಿಗೆ? ಇವತ್ತ ಬರದು ಕಳಸು.”